ಚಿರತೆ ಎದುರಾದರೆ ಏನು ಮಾಡಬೇಕು?

ಚನ್ನಗಿರಿಯಲ್ಲಿ ಟಾರ್ಚ್ ಬೇಕೆಂದರೆ ಜನ ಓಂಕಾರನ ಅಂಗಡಿಗೇ ಬರುತ್ತಾರೆ. ತಲೆಗೆ ಕಟ್ಟುವ ಟಾರ್ಚ್, ಕೈಯಲ್ಲಿ ಹಿಡಿಯುವ ಟಾರ್ಚ್, ಊರಾಚೆಯ ಗುಡ್ಡಕ್ಕೆ ಬೆಳಕು ಬಿಡುವ ಟಾರ್ಚ್, ಎಲ್ಲವೂ ಅವನಲ್ಲಿ ಇವೆ. ರಾತ್ರಿ ಪಾಳಿಯ ಕರೆಂಟಿಗೆ ಮೋಟಾರ್ ಹಾಕಲು ಹೊಲಕ್ಕೆ ಹೋಗುವ ರೈತರಿಗೆ, "ಇದೊಂದು ಕೈಯಾಗೆ ಇದ್ರೆ ಯಮ ಬಂದ್ರೂ ಹೆದ್ರಂಗಿಲ್ಲ" ಎಂದು ಧೈರ್ಯ ತುಂಬಿ ಮಾರುತ್ತಾನೆ. ಹೀಗೆ ತಾಲ್ಲೂಕಿಗೆಲ್ಲ ಧೈರ್ಯ ಹಂಚುವ ಮನುಷ್ಯ, ಕತ್ತಲಾದ ಮೇಲೆ ಸ್ವಂತ ಹಿತ್ತಲಿಗೆ ಹೋಗಬೇಕಾದರೂ ಹೆಂಡತಿ ಸುಚಿತ್ರಾಳನ್ನು ಮುಂದೆ ಬಿಟ್ಟುಕೊಂಡು ಹೋಗುತ್ತಾನೆ. ನಾಯಿ ಬೊಗಳಿದರೆ ರಸ್ತೆಯ ಆಚೆ ಬದಿಗೆ ದಾಟುತ್ತಾನೆ. ಬೊಗಳದ ನಾಯಿ ಕಂಡರೆ ಅದು ಯಾಕೆ ಬೊಗಳುತ್ತಿಲ್ಲ ಎಂದು ಇನ್ನಷ್ಟು ಹೆದರುತ್ತಾನೆ. ಹಲ್ಲಿ, ಸೂಜಿಮದ್ದು, ಖಾಕಿ ಬಟ್ಟೆ, ಗೊತ್ತಿಲ್ಲದ ನಂಬರಿನ ಫೋನು, ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಾನೆಂದು ಅವನಿಗೇ ಖಚಿತವಿರಲಿಲ್ಲ.

ಇಂಥವನು ಚಿರತೆಯ ಸಹವಾಸಕ್ಕೆ ಹೋದದ್ದು ಒಂದು ಗೃಹಪ್ರವೇಶದ ಊಟದಲ್ಲಿ.

ನ್ಯಾಮತಿಯಲ್ಲಿ ಸುಚಿತ್ರಾಳ ತಂಗಿಯ ಗಂಡ ಪ್ರವೀಣ್ ಕುಮಾರ್ ಹೊಸ ಮನೆ ಕಟ್ಟಿಸಿದ್ದ. ಪಂಕ್ತಿಯಲ್ಲಿ ಕೂತವರ ಮಾತು ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಚಿರತೆಯ ಕಡೆಗೆ ಹೊರಳಿತು. ಎದುರಿಗೆ ಬಂದರೆ ಏನು ಮಾಡುವುದು ಎಂದು ಯಾರೋ ಕೇಳಿದರು.

"ಓಡಬಾರ್ದು," ಎಂದ ಓಂಕಾರ, ಹೋಳಿಗೆ ಮುರಿಯುತ್ತ. ಅರಣ್ಯ ಇಲಾಖೆಯ ವಾಚರ್ ಒಬ್ಬ ಟಾರ್ಚ್ ಕೊಳ್ಳಲು ಬಂದಾಗ ಓಂಕಾರನಿಗೆ ಇದನ್ನು ಹೇಳಿದ್ದ. "ನಿಂತ್ಕಂಡು, ಕೈ ಮ್ಯಾಲೆತ್ತಿ, ಜೋರಾಗಿ ಗದ್ದಲ ಮಾಡಬೇಕು. ನಿಧಾನಕ್ಕೆ ಹಿಂದೆ ಹಿಂದೆ ಸರೀಬೇಕು."

ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದವನು ತುಪ್ಪ ಕೇಳಿದ. ಅಷ್ಟರಲ್ಲಿ ಪ್ರವೀಣ್ ಕುಮಾರ್ ಜೇಬಿನಿಂದ ಫೋನ್ ತೆಗೆದು ಅದನ್ನೇ ಕೇಳಿದ. ಫೋನಿನೊಳಗಿನ ಹೆಂಗಸು ಯಾವುದೋ ವೆಬ್‌ಸೈಟಿನ ಹೆಸರು ಹೇಳಿ, ಓಡಬಾರದು, ನಿಂತು ಗದ್ದಲ ಮಾಡಬೇಕು, ನಿಧಾನವಾಗಿ ಹಿಂದೆ ಸರಿಯಬೇಕು ಎಂದಳು. ಇಡೀ ಪಂಕ್ತಿ ಊಟ ನಿಲ್ಲಿಸಿ ತಲೆದೂಗಿತು.

"ನಾನು ಹೇಳಿದ್ದೂ ಅದೇ ಅಲ್ವೇನ್ರಿ?" ಎಂದ ಓಂಕಾರ.

"ನೀವು ಹೇಳಿದ್ರಿ ಅಣ್ಣಾರೆ, ಇಲ್ಲ ಅನ್ನಲ್ಲ," ಎಂದ ಪ್ರವೀಣ್ ಕುಮಾರ್. "ಆದ್ರೆ ನೆಟ್ನಾಗೆ ಬರಬೇಕಲ್ಲ. ನೋಡ್ರಿ, ಎಲ್ಲಾದಕ್ಕಿಂತ ಮ್ಯಾಲೆ ಒಂದು ಬಾಕ್ಸ್‌ನಾಗೆ ಬರ್ತೈತೆ. ಅದು ಬಂತು ಅಂದ್ರೆ ಮುಗೀತು, ಅದರ ಮ್ಯಾಲೆ ಅಪೀಲ್ ಇಲ್ಲ."

ಮಾನವಂತನಾದವನು ಎಷ್ಟೆಂದು ಸಹಿಸಿಯಾನು? "ಮುಂದಿನ ಸಲ ಆ ಬಾಕ್ಸ್‌ನಾಗೆ ನನ್ನ ಅಂಗಡಿ ಹೆಸ್ರು ಬರ್ತೈತೆ, ನೋಡ್ತಿರಿ," ಎಂದುಬಿಟ್ಟ. ಅವನ ಈ ಮಾತನ್ನು ಮಾತ್ರ ಪಂಕ್ತಿಯಲ್ಲಿ ಎಲ್ಲರೂ ಸ್ಪಷ್ಟವಾಗಿ ಕೇಳಿಸಿಕೊಂಡರು.

ಅಂಗಡಿಗೆ ಒಂದು ವೆಬ್‌ಸೈಟ್ ಮೊದಲೇ ಇತ್ತು. ಅದನ್ನು ಬಾಕ್ಸಿನೊಳಗೆ ತೂರಿಸುವ ಬಗೆ ತಿಳಿಯಲು ಓಂಕಾರ ಹೊನ್ನಾಳಿಗೆ ಹೋದ. ಅಲ್ಲಿ ಬೇಕರಿಯೊಂದರ ಮಹಡಿಯ ಮೇಲೆ ನಿಂಗರಾಜ್ ಎಂಬ ಡಿಜಿಟಲ್ ತಜ್ಞನಿದ್ದ. ಅವನ ಕೋಣೆಯಲ್ಲಿ ಕೆಳಗಿನ ಖಾರಾ ಬನ್ನಿನ ವಾಸನೆ ತುಂಬಿತ್ತು.

"ಅದು ನಿವೇಶನ ಇದ್ದಂಗೆ ಸರ್," ಎಂದ ನಿಂಗರಾಜ್. "ಮೇಲಿನೋರಿಗೆ ಕೊಡೋದು ಕೊಟ್ರೆ ನಿಮ್ಮ ಹೆಸ್ರಿಗೆ ಮಾಡ್ತಾರೆ. ಒಂದ್ಸಲ ಖಾತೆ ಆತು ಅಂದ್ರೆ ಆತು. ನಾಳೆ ನಿಮ್ಮ ಮಕ್ಕಳಿಗೂ ಬರ್ತೈತೆ."

"ಬರಹ ಹೆಂಗಿರಬೇಕು?"

"ಉದ್ದ ಇರಬೇಕು ಸರ್. ಎಷ್ಟು ಉದ್ದನೋ ಅಷ್ಟು ಒಳ್ಳೇದು. ಚಿರತೆ ಅನ್ನೋ ಮಾತು ಎಷ್ಟು ಸಲ ಬರ್ತೈತೋ ಅಷ್ಟು ಮ್ಯಾಲೆ ಹೋಗ್ತೀರಿ."

ಓಂಕಾರ ಮುಂಗಡ ಕೊಟ್ಟು ಬಂದು ಬರೆಯಲು ಕೂತ. ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆಯ ಸಮಾಧಾನಕರ ಬಹುಮಾನ ಪಡೆದವನು, ಭಾಷೆಗೇನೂ ಕೊರತೆಯಿರಲಿಲ್ಲ. 'ಚಿರತೆಯೆಂಬ ಚಿರತೆಯು ಚಿರತೆಗಳಲ್ಲೇ ಚಿರತೆಯಾಗಿದ್ದು, ಚಿರತೆಯನ್ನು ಕಂಡ ಮಾನವನು ಚಿರತೆಯ ಚಿರತೆತನವನ್ನು ಅರಿಯತಕ್ಕದ್ದು' ಎಂದು ಆರಂಭವಾದ ಲೇಖನ ಕೊನೆಯಾಗುವ ಹೊತ್ತಿಗೆ ಸುಚಿತ್ರಾ ಎರಡು ಸಲ ನಿದ್ದೆ ಮಾಡಿ ಎದ್ದಿದ್ದಳು. ಲೇಖನ ಹಾಕಿ ವಾರ ಕಳೆದರೂ ಬಾಕ್ಸಿನಲ್ಲಿ ಆ ಹಳೆಯ ವೆಬ್‌ಸೈಟೇ ಕೂತಿತ್ತು.

ಆಗ ಪಕ್ಕದ ಜೆರಾಕ್ಸ್ ಅಂಗಡಿಯ ಭೀಮೇಶ್ ಮಧ್ಯೆ ಬಂದ. ಅವನು ಪ್ರತಿಯೊಂದು ಸಮಸ್ಯೆಯನ್ನೂ ಪ್ರತಿ ತೆಗೆದು ದೊಡ್ಡದು ಮಾಡಬಲ್ಲವನು.

"ಓಂಕಾರಣ್ಣ, ಇದು ಓಟಿದ್ದಂಗೆ. ಜಾಸ್ತಿ ಜನ ಯಾವುದನ್ನ ಒತ್ತುತಾರೋ ಅದು ಗೆಲ್ಲುತ್ತೆ. ನಮ್ಮ ಬೀದಿಯೋರೆಲ್ಲ ದಿನಾ ಸರ್ಚ್ ಮಾಡಿ ನಿಮ್ಮದನ್ನೇ ಒತ್ತಿದ್ರೆ ಹೆಂಗೆ ಬರಲ್ಲ ಅಂತೀನಿ?"

ಬೀದಿ ಒಗ್ಗಟ್ಟಾಯಿತು. ಕಿರಾಣಿ ಅಂಗಡಿಯವರು ಸಕ್ಕರೆ ತೂಗುವ ಮೊದಲು ಗಿರಾಕಿಯ ಫೋನ್ ಇಸಿದುಕೊಂಡು ಸರ್ಚ್ ಮಾಡಿದರು. ಕ್ಷೌರದಂಗಡಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡವರು ನೊರೆ ಒಣಗುವ ತನಕ 'ಚಿರತೆ ಎದುರಾದರೆ ಏನು ಮಾಡಬೇಕು' ಎಂದು ಒತ್ತುತ್ತ ಕೂತರು. ಬಾಕ್ಸಿಗೆ ಇದರಿಂದ ಏನೂ ಆಗಲಿಲ್ಲ. ಊರಿಗೆ ಆಯಿತು. ಅಡಿಕೆ ಮಂಡಿಗೆ ಬಂದಿದ್ದ ಹಳ್ಳಿಯವರು, ಈ ಬೀದಿಯಲ್ಲಿ ಯಾರ ಫೋನ್ ನೋಡಿದರೂ ಚಿರತೆಯ ಮಾತೇ ಇರುವುದನ್ನು ಕಂಡು, ಚನ್ನಗಿರಿಗೆ ಚಿರತೆ ನುಗ್ಗಿದೆ ಎಂದು ತಿಳಿದರು. ಮಧ್ಯಾಹ್ನದ ಹೊತ್ತಿಗೆ ತಾಯಂದಿರು ಶಾಲೆಯ ಗೇಟಿನ ಮುಂದೆ ನಿಂತಿದ್ದರು. ಸಂಜೆಯ ಹೊತ್ತಿಗೆ ಚಿರತೆ ಎರಡಾಗಿ, ಅವುಗಳ ಜೊತೆ ಮರಿಗಳೂ ಇದ್ದವು. ಭಯಪಟ್ಟವರೆಲ್ಲ ಟಾರ್ಚ್ ಕೊಳ್ಳಲು ಬಂದರು. ಮಾರುವವನೂ ಅವರ ಮಾತು ಕೇಳಿ ನಡುಗುತ್ತ ಬಾಗಿಲು ಅರ್ಧ ಎಳೆದುಕೊಂಡೇ ಮಾರಿದ.

ಮರುದಿನ ಪೊಲೀಸರೊಬ್ಬರು ಬಂದರು. ಖಾಕಿ ಕಂಡೊಡನೆ ಓಂಕಾರ ಕುರ್ಚಿಯಿಂದ ಎದ್ದು ಕೈ ಮುಗಿದ.

"ಚಿರತೆ ಸುದ್ದಿ ಎಬ್ಬಿಸಿದ್ದು ಈ ಬೀದಿಯೋರಂತೆ. ಯಾರ್ರೀ ಅದು?"

"ನಾನಲ್ಲ ಸಾರ್. ಚಿರತೆ ಇಲ್ಲ ಸಾರ್. ಇದ್ರೂ ನನ್ನದಲ್ಲ ಸಾರ್," ಎಂದ ಓಂಕಾರ.

ಪೊಲೀಸರು ಅವನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಒಂದು ಟಾರ್ಚ್ ಕೊಂಡು, ಇಂಥದ್ದು ಮತ್ತೆ ಕಿವಿಗೆ ಬಿದ್ದರೆ ಠಾಣೆಗೆ ಬರಬೇಕಾಗುತ್ತದೆಂದು ಹೇಳಿ ಹೋದರು. ಆ ರಾತ್ರಿ ಓಂಕಾರ ಊಟ ಬಿಟ್ಟ.

ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಆದರೆ ಭಾನುವಾರ ಅವನ ಅಕ್ಕನ ಮಗಳು ಆಶಾ ಮನೆಗೆ ಬಂದಳು. ದಾವಣಗೆರೆಯ ಬೀಜದ ಕಂಪನಿಯೊಂದರ ವೆಬ್‌ಸೈಟಿಗೆ ಬರೆಯುವುದು ಅವಳ ಕೆಲಸ. ಮಾವನ ಕಥೆ ಕೇಳಿ ನಗು ತಡೆದುಕೊಂಡಳು.

"ಮಾವ, ಅದನ್ನ ಯಾರೂ ಮಾರಲ್ಲ. ಓಟೂ ಅಲ್ಲ, ಖಾತೆನೂ ಅಲ್ಲ. ಮಿಷನ್ ಆರಿಸ್ಕೊಳ್ಳುತ್ತೆ. ಇವತ್ತು ನಿಮ್ಮದು, ನಾಳೆ ಇನ್ನೊಬ್ಬರದು. ಪ್ರಶ್ನೆನ ಹಂಗೇ ಹೆಡ್ಡಿಂಗ್ ಮಾಡಿ, ಕೆಳಗೆ ಚಿಕ್ಕದಾಗಿ, ನೇರವಾಗಿ ಉತ್ತರ ಬರೀರಿ. ಒಂದು ಎರಡು ಅಂತ ಹಾಕಿದ್ರೆ ಇನ್ನೂ ಸಲೀಸು. ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ."

"ಇಷ್ಟೇನಾ?" ಎಂದ ಓಂಕಾರ. ಇಷ್ಟು ಸುಲಭವಾದದ್ದು ನಿಜವಾಗಿರಲಾರದು ಎಂದು ಅವನಿಗೆ ಒಳಗೊಳಗೇ ಅನಿಸಿತು. ಆದರೂ ಬರೆದ. 'ಚಿರತೆ ಎದುರಾದರೆ ಏನು ಮಾಡಬೇಕು?' ಎಂದು ಹೆಡ್ಡಿಂಗ್ ಹಾಕಿದ. ನೇರವಾಗಿ ಉತ್ತರಕ್ಕೆ ಹೋಗುವುದು ಅವನ ಜಾಯಮಾನಕ್ಕೆ ಒಗ್ಗದೆ, ತಿಳಿಯದ ಜನ ಮಾಡಿಕೊಳ್ಳುವ ಎಡವಟ್ಟುಗಳನ್ನು ಮೊದಲು ಒಂದು, ಎರಡು, ಮೂರು ಎಂದು ಚಿಕ್ಕದಾಗಿ ಹಾಕಿದ. ಅದರ ಕೆಳಗೆ, ನಿಜವಾಗಿ ಮಾಡಬೇಕಾದದ್ದನ್ನು ತನ್ನ ಪ್ರಬಂಧದ ಶೈಲಿಯಲ್ಲಿ, ಎಲ್ಲಿಯೂ ನಿಲ್ಲದ ಒಂದೇ ವಾಕ್ಯವಾಗಿ, ಪುಟ ತುಂಬ ಬರೆದ.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಗ್ಗೆ ಭೀಮೇಶ್ ಫೋನ್ ಎತ್ತಿ ಹಿಡಿದುಕೊಂಡು ಓಡಿ ಬಂದ. ಬಾಕ್ಸಿನ ಕೆಳಗೆ ಓಂಕಾರನ ಅಂಗಡಿಯ ಹೆಸರಿತ್ತು.

ಬೀದಿಗೆಲ್ಲ ಪೇಡ ಹಂಚಿದ್ದಾಯಿತು. ಕಿರಾಣಿಯವರು ಬಂದರು, ಕ್ಷೌರದವರು ಬಂದರು. ಓಂಕಾರ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಹಾಗೆ ಅವನು ಕೂತದ್ದನ್ನು ಯಾರೂ ಮೊದಲು ನೋಡಿರಲಿಲ್ಲ. ಸುಚಿತ್ರಾ ಎಲ್ಲ ಕಡೆಗೂ ಫೋನ್ ಮಾಡಿ ಹೇಳಿ ಮುಗಿಸಿದ್ದಳು.

"ಎಲ್ರೂ ಕೇಳ್ರಿ," ಎಂದು ಭೀಮೇಶ್ ಫೋನಿನ ಸದ್ದು ಏರಿಸಿ ಅದಕ್ಕೆ ಕೇಳಿದ. ಫೋನಿನ ಹೆಂಗಸು ಗಂಭೀರವಾಗಿ, ಚನ್ನಗಿರಿಯ ಅಂಗಡಿಯ ಹೆಸರು ಹೇಳಿ, ಉತ್ತರ ಕೊಟ್ಟಳು.

"ಚಿರತೆ ಎದುರಾದರೆ ಏನು ಮಾಡಬೇಕು. ಒಂದು, ಕೂಡಲೇ ಬೆನ್ನು ತಿರುಗಿಸಿ ಓಡುವುದು. ಎರಡು, ಅಲ್ಲೇ ಬಗ್ಗಿ ಕುಕ್ಕರಗಾಲಲ್ಲಿ ಕೂರುವುದು. ಮೂರು, ಕಲ್ಲು ಹೊಡೆದು ರೇಗಿಸುವುದು. ನಾಲ್ಕು, ಹತ್ತಿರ ಹೋಗಿ ಫೋಟೋ ತೆಗೆಯುವುದು."

ಎಲ್ಲರೂ ಭಕ್ತಿಯಿಂದ ಕೇಳಿದರು.

"ಮೊದ್ಲು ಓಡಬೇಕು, ಆಮ್ಯಾಲೆ ಕೂರಬೇಕು," ಎಂದು ಕ್ಷೌರದವರು ನೆನಪಿಟ್ಟುಕೊಂಡರು. "ಫೋಟೋ ಕೊನೆಗೆ."

"ನಾನು ಇಷ್ಟು ದಿನ ಉಲ್ಟಾ ತಿಳ್ಕಂಡಿದ್ದೆ," ಎಂದರು ಕಿರಾಣಿಯವರು.

ಓಂಕಾರನ ಕಾಲು ಕಾಲ ಮೇಲಿಂದ ಇಳಿಯಿತು. ಕೈಯಲ್ಲಿದ್ದ ಪೇಡ ನೆಲಕ್ಕೆ ಬಿತ್ತು. ಮಿಷನ್ನು ಅವನ ಹೆಡ್ಡಿಂಗನ್ನೂ, ಅದರ ಕೆಳಗಿನ ಚಿಕ್ಕ ಪಟ್ಟಿಯನ್ನೂ ಎತ್ತಿಕೊಂಡು, ಇವು ಎಡವಟ್ಟುಗಳು ಎಂದು ಹೇಳಿದ ನಡುವಿನ ಸಾಲನ್ನು ಬಿಟ್ಟಿತ್ತು. ಆ ಪುಟ ತುಂಬಿದ ವಾಕ್ಯವನ್ನಂತೂ ಮುಟ್ಟಿಯೇ ಇರಲಿಲ್ಲ.

"ಅದು ಮಾಡಬಾರ್ದು ಅಂತ ಬರ್ದಿದ್ದು," ಎಂದ.

"ಇಲ್ಲಿ ಹಂಗಿಲ್ವಲ್ಲ," ಎಂದ ಭೀಮೇಶ್.

"ನಾನೇ ಹೇಳ್ತೀನಲ್ಲೋ, ಬರ್ದೋನು ನಾನು."

"ಇರ್ಬೋದು ಓಂಕಾರಣ್ಣ. ಆದ್ರೆ ನೆಟ್ನಾಗೆ ಹಿಂಗೈತೆ. ನೀವೊಬ್ಬರು ಹೇಳೋದಕ್ಕೂ ನೆಟ್ ಹೇಳೋದಕ್ಕೂ ಫರಕ್ ಇಲ್ವಾ?"

ಅಂಗಡಿಯಲ್ಲಿದ್ದವರ ಎದುರಿಗೇ ಓಂಕಾರ ಆ ಪುಟವನ್ನು ಅಳಿಸಿ ಹಾಕಿದ. ಬಾಕ್ಸ್ ಹೋಗಲಿಲ್ಲ. ಫೋನ್ ಆರಿಸಿ ಹಾಕಿ ನೋಡಿದ. ಅದು ಅಲ್ಲೇ ಇತ್ತು. ನಿಂಗರಾಜನಿಗೆ ಫೋನ್ ಮಾಡಿದ.

"ಕೊನೆಗೂ ಬಂತಲ್ಲ ಸರ್, ನಾನು ಹೇಳಿರಲಿಲ್ವಾ?" ಎಂದ ನಿಂಗರಾಜ್.

"ತೆಗ್ಸಪ್ಪ ಅದನ್ನ."

"ತೆಗ್ಸೋದು ಬ್ಯಾರೆ ಡಿಪಾರ್ಟ್‌ಮೆಂಟ್ ಸರ್."

"ನೀನೇ ಅಲ್ವಾ ಹಾಕ್ಸಿದ್ದು?"

"ನಿಜ ಹೇಳ್ಬೇಕು ಅಂದ್ರೆ ಸರ್, ಹಾಕ್ಸೋದೂ ಬ್ಯಾರೆ ಡಿಪಾರ್ಟ್‌ಮೆಂಟೇ," ಎಂದು ನಿಂಗರಾಜ್ ಫೋನ್ ಇಟ್ಟ.

ಆಶಾ ಮಾತ್ರ ಸಮಾಧಾನವಾಗಿ ಹೇಳಿದಳು. ಅಳಿಸಿದ್ದು ಮಿಷನ್ನಿಗೆ ತಿಳಿಯಲು ಕೆಲವು ದಿನ ಬೇಕು, ಬಾಕ್ಸಿನ ಕೆಳಗೆ ದೂರು ಹೇಳುವ ಜಾಗ ಒಂದಿದೆ, ಎಲ್ಲರ ಕೈಯಲ್ಲೂ ಅದನ್ನು ಒತ್ತಿಸಿ, ಅದೂ ಗ್ಯಾರಂಟಿಯಲ್ಲ. "ಕೆಲವು ದಿನ" ಎಂಬ ಮಾತು ಕೇಳಿದ್ದೇ ತಡ, ಓಂಕಾರನ ಕಣ್ಣ ಮುಂದೆ ಕರ್ನಾಟಕದ ಉದ್ದಗಲಕ್ಕೂ ಜನ ಚಿರತೆಗೆ ಬೆನ್ನು ತಿರುಗಿಸಿ ಓಡತೊಡಗಿದರು. ಕೆಲವರು ಕುಕ್ಕರಗಾಲಲ್ಲಿ ಕೂತಿದ್ದರು. ಒಬ್ಬ ಫೋಟೋ ತೆಗೆಯುತ್ತಿದ್ದ. ಮೊದಲ ಕರೆ ನ್ಯಾಮತಿಯ ಪ್ರವೀಣ್ ಕುಮಾರನದು.

"ಅಣ್ಣಾರೆ, ಸೋತೆ. ನಮ್ಮೂರಿನ ಎಲ್ಲಾ ಗ್ರೂಪಿಗೂ ಕಳ್ಸೀನಿ. ಹೊಲದಾಗೆ ಹುಡುಗರಿಗೆ ಓಡೋದು ಪ್ರಾಕ್ಟೀಸ್ ಮಾಡಿಸ್ತಿದೀವಿ."

ಅವನಿಗೆ ತಿಳಿಸಿ ಹೇಳಿ, ಅವನು ನಂಬದೆ, ದೇವರ ಮೇಲೆ ಆಣೆ ಇಟ್ಟು, ಗ್ರೂಪುಗಳಿಂದ ಅಳಿಸುವಂತೆ ಬೇಡಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಮನೆಗೆ ಬಂದರೆ ಸುಚಿತ್ರಾ ಸಂಭ್ರಮದಲ್ಲಿದ್ದಳು.

"ಅವ್ವಗೂ ಹೇಳ್ದೆ ಕಣ್ರಿ. ಪಾಪ, ಎಷ್ಟು ಖುಷಿ ಆತು ಗೊತ್ತಾ. ಗುಡ್ಡದ ಕಡೆ ಚಿರತೆ ಹೆಜ್ಜೆ ಕಂಡೈತಂತೆ, ಇನ್ನು ಹೆದ್ರಿಕಿಲ್ಲ, ಅಳಿಯಂದ್ರು ಹೇಳ್ದಂಗೆ ಮಾಡ್ತೀನಿ ಅಂದ್ಲು."

ಓಂಕಾರ ಗೋಡೆ ಹಿಡಿದುಕೊಂಡ. ಅವನ ಅತ್ತೆ ಸಾವಂತ್ರಮ್ಮ ಇದ್ದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅರವತ್ತೈದು ದಾಟಿದರೂ ದಿನಾ ಆಡು ಹೊಡೆದುಕೊಂಡು ಗುಡ್ಡಕ್ಕೆ ಹೋಗುವವಳು. ಹೇಳಿದ ಮಾತನ್ನು ಅಕ್ಷರ ಬಿಡದೆ ಪಾಲಿಸುವವಳು. ಫೋನ್ ಮಾಡಿದರೆ ಸ್ವಿಚ್ ಆಫ್. ಭಾಮೈದ ತಿಪ್ಪೇಶಪ್ಪ ಜೋಳದ ಲಾರಿಯ ಜೊತೆ ದಾವಣಗೆರೆಗೆ ಹೋಗಿದ್ದ.

"ಅವ್ವ ಗುಡ್ಡದ ತಾವ ಅದಾಳೆ ಭಾವ," ಎಂದ ಅವನು ಫೋನಿನಲ್ಲಿ. "ನಿಮ್ಮದನ್ನ ಬಾಯಿಪಾಠ ಮಾಡ್ಕಂಡಾಳೆ. ಓಡೋದು, ಕೂರೋದು ಸರಿ. ಫೋಟೋ ಹೆಂಗೆ ತೆಗೆಯಾದು ಅಂತ ಕೇಳ್ತಿದ್ಲು."

"ಅದೆಲ್ಲ ಉಲ್ಟಾ ಅಂತ ಯಾರಿಗಾದ್ರೂ ಹೇಳಿ ಕಳ್ಸೋ ಮಾರಾಯ."

"ಯಾರು ಹೇಳಿದ್ರೂ ಅವ್ವ ಕೇಳಲ್ಲ ಭಾವ. ಅಳಿಯಂದ್ರು ಹೇಳ್ಯಾರೆ ಅಂತಾಳೆ. ನೀವೇ ಬಂದು ಹೇಳ್ರಿ."

ಸುಚಿತ್ರಾಳಿಗೆ ವಿಷಯ ತಿಳಿದಾಗ ಅವಳು ಅಳಲಿಲ್ಲ, ಬೈಯಲಿಲ್ಲ. "ನಮ್ಮವ್ವಗೆ ಏನಾದ್ರೂ ಆದ್ರೆ" ಎಂದಳು, ಅಷ್ಟೇ. ಆ ವಾಕ್ಯ ಮುಗಿಯದೆ ಉಳಿದದ್ದರಿಂದ ಓಂಕಾರ ಅಂಗಡಿಯಲ್ಲಿದ್ದ ಅತಿ ದೊಡ್ಡ ಟಾರ್ಚ್ ಹಿಡಿದು ದಾವಣಗೆರೆ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಅವನಿಗೆ ಶಕುನಗಳೇ. ಸಂತೇಬೆನ್ನೂರು ದಾಟುತ್ತಿದ್ದಾಗ ಎದುರಿನಿಂದ ಆಂಬುಲೆನ್ಸ್ ಬಂತು. ಅದರಲ್ಲಿ ಅತ್ತೆಯೇ ಇರುವಂತೆ ಕಂಡಿತು. ಪಕ್ಕದ ಸೀಟಿನವರು ಪೇಪರ್ ಬಿಡಿಸಿದರೆ, ನಾಳೆ ಅದೇ ಪುಟದಲ್ಲಿ ತನ್ನ ಫೋಟೋ, ಅದರ ಕೆಳಗೆ 'ಟಾರ್ಚ್ ವ್ಯಾಪಾರಿಯ ಸಲಹೆಗೆ ವೃದ್ಧೆ ಬಲಿ' ಎಂಬ ತಲೆಬರಹ ಕಂಡಿತು. ದಾವಣಗೆರೆಯಲ್ಲಿ ಜಗಳೂರು ಬಸ್ಸಿಗೆ ಕಾಯುವಾಗ ಬಾಕ್ಸ್ ಹೋಯಿತೇ ಎಂದು ನೋಡಿದ. ಇತ್ತು. ಜಗಳೂರಿನಲ್ಲಿ ಇಳಿದು ನೋಡಿದ. ಇತ್ತು. ಜೀವನದಲ್ಲಿ ಮೊದಲ ಸಲ ಅವನ ಹೆಸರು ಎಲ್ಲರಿಗಿಂತ ಮೇಲೆ ಇತ್ತು, ಅವನು ಅದು ಸಾಯಲೆಂದು ಮನೆದೇವರಿಗೆ ಹರಕೆ ಹೊರುತ್ತಿದ್ದ.

ಸೊಕ್ಕೆಯಲ್ಲಿ ಇಳಿದಾಗ ಬಿಸಿಲು ಇನ್ನೂ ಇತ್ತು. ಕಟ್ಟೆಯ ಮೇಲಿದ್ದವರು ಎದ್ದು ನಿಂತು ಕೈ ಮುಗಿದರು.

"ಬಾಕ್ಸಿನ ಅಳಿಯಂದ್ರು ಬಂದ್ರು," ಎಂದರೊಬ್ಬರು. "ಮೊದ್ಲು ಓಡಬೇಕು, ಅಲ್ವೇನ್ರಿ?"

"ಯಾರೂ ಓಡಬ್ಯಾಡ್ರಿ. ಅದು ತಪ್ಪು. ಅತ್ತೆ ಎಲ್ಲಿ?"

"ಆ ಬಂಡೆ ಸಾಲಿನ ಬುಡದಾಗೆ ಅದಾಳೆ. ನೀವೊಬ್ಬರೇ ಹೋಗ್ತೀರಾ? ನಿಮಗೇನ್ ಬಿಡ್ರಿ, ನಿಮಗೆ ಎಲ್ಲಾ ಗೊತ್ತೈತೆ."

ಯಾರಾದರೂ ಜೊತೆಗೆ ಬರಲಿ ಎಂದು ಕೇಳಲು ಅವನು ಬಾಯಿ ತೆರೆದ. ಬಾಕ್ಸಿನಲ್ಲಿ ಬಂದವನು ಹಾಗೆ ಕೇಳುವುದು ಹೇಗೆ? ಬಾಯಿ ಮುಚ್ಚಿಕೊಂಡು ಒಬ್ಬನೇ ಹೊರಟ.

ಹೊಲದ ಬದು ಮುಗಿದು ಜಾಲಿ ಗಿಡಗಳು ಶುರುವಾದವು. ಹಗಲಿನಲ್ಲೂ ಅವನು ಟಾರ್ಚ್ ಹಾಕಿಕೊಂಡೇ ನಡೆದ. ಒಂದು ಓತಿಕ್ಯಾತ ಸರ್ರನೆ ಹೋದಾಗ ಕೂಗಿಕೊಂಡ. ತನ್ನ ಕೂಗಿಗೆ ತಾನೇ ಬೆದರಿ ಬಂಡೆಗೆ ಒರಗಿ ನಿಂತ. ಹಿಂದಕ್ಕೆ ಹೋದರೆ ಸುಚಿತ್ರಾ, ಮುಂದಕ್ಕೆ ಹೋದರೆ ಚಿರತೆ. ಕೊನೆಗೆ ಮುಂದಕ್ಕೇ ನಡೆದ.

ಸಾವಂತ್ರಮ್ಮ ಒಂದು ಹೊಂಗೆಮರದ ಕೆಳಗೆ ಕೂತು ಎಲೆಅಡಿಕೆ ಮೆಲ್ಲುತ್ತಿದ್ದಳು. ಸುತ್ತ ಆಡುಗಳು. ಮೈಗೆ ಒಂದು ಗೀರೂ ಇರಲಿಲ್ಲ. ಓಂಕಾರನ ಕಣ್ಣಲ್ಲಿ ನೀರು ಬಂತು.

"ಇದೇನ್ರಿ ಅಳಿಯಂದ್ರೆ, ಹಗಲೊತ್ನಾಗೆ ಬ್ಯಾಟರಿ ಹಚ್ಕಂಡು?" ಎಂದು ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಅತ್ತೆ, ನಾನು ಬರ್ದಿದ್ದು ಐತಲ್ಲ—"

ಅಷ್ಟರಲ್ಲಿ ಆಡುಗಳೆಲ್ಲ ಒಟ್ಟಿಗೆ ತಲೆ ಎತ್ತಿದವು. ಮೇಯುವ ಸದ್ದು ನಿಂತಿತು. ಇಪ್ಪತ್ತು ಮಾರು ದೂರದ ಬಂಡೆಯ ಮೇಲೆ, ಬಂಡೆಯದೇ ಬಣ್ಣದ್ದೇನೋ ಎದ್ದು ನಿಂತಿತು. ಅದಕ್ಕೆ ಬಾಲವಿತ್ತು. ಬಾಲದ ತುದಿ ಮಾತ್ರ ಅಲ್ಲಾಡುತ್ತಿತ್ತು.

ಓಂಕಾರ ಅತ್ತೆಯ ಹತ್ತಿರಕ್ಕೆ ಸರಿದ. ಸಾವಂತ್ರಮ್ಮ ಮಾತ್ರ ಗಾಬರಿಯಾಗದೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಬರ್ರಿ, ಓಡಾನ," ಎಂದಳು.

"ಬ್ಯಾಡ ಅತ್ತೆ," ಎಂದು ಅವನು ಅವಳ ರಟ್ಟೆ ಹಿಡಿದ.

"ಬಿಡ್ರಿ ಕೈಯ. ಒಂದು, ಬೆನ್ನು ತಿರುಗ್ಸಿ ಓಡಾದು. ನೀವೇ ಬರ್ದೀರಲ್ಲ."

"ಅದು ತಪ್ಪು."

"ಯಾರು ಹೇಳಿದ್ದು ತಪ್ಪಂತ?"

"ನಾನೇ ಹೇಳ್ತಿದೀನಿ."

"ನೀವು ಹೇಳ್ತೀರಿ. ನೆಟ್ನಾಗೆ ಹಂಗಿಲ್ಲ. ತಿಪ್ಪೇಶಿ ಓದಿ ಹೇಳ್ಯಾನೆ, ನಾನೇನು ಕಿವುಡಿಯಾ?"

"ನೆಟ್ನಾಗೆ ಬರ್ದೋನೂ ನಾನೇ ಅತ್ತೆ."

"ಹಂಗಾದ್ರೆ ಅಲ್ಲೊಂದು ಬರ್ದು ಇಲ್ಲೊಂದು ಹೇಳ್ತೀರಾ?" ಸಾವಂತ್ರಮ್ಮನ ಧ್ವನಿ ಏರಿತು. "ನಮ್ಮ ಮಗಳನ್ನ ಕೇಳಾಕೆ ಬಂದಾಗಲೂ ಹಿಂಗೇ. ಅಂಗಡಿ ಸ್ವಂತದ್ದು ಅಂದಿದ್ರಿ, ಬಾಡಿಗೆದಾಗಿತ್ತು."

"ಈಗ ಅದನ್ಯಾಕೆ ತೆಗೀತೀರಿ?" ಓಂಕಾರನ ಧ್ವನಿಯೂ ಏರಿತು. ಹೆದರಿಕೆ ಎಲ್ಲಿಂದಲಾದರೂ ಹೊರಗೆ ಬರಲೇಬೇಕು, ಅವನಲ್ಲಿ ಅದು ಗಂಟಲಿನಿಂದ ಬಂತು. ಒಂದು ಕೈಯಲ್ಲಿ ಅತ್ತೆಯನ್ನು ಹಿಡಿದುಕೊಂಡು, ಟಾರ್ಚಿನ ಕೈಯನ್ನು ತಲೆಯ ಮೇಲೆ ಬೀಸುತ್ತ ಅವನು ಕಿರುಚಿದ. "ಬಾಡಿಗೆದಾದ್ರೂ ನಿಮ್ಮ ಮಗಳನ್ನ ಉಪವಾಸ ಕೆಡವಿದೀನಾ? ಒಂದು ದಿನ ಕೆಡವಿದೀನಾ? ಹೇಳ್ರಿ."

"ಉಪವಾಸ ಕೆಡವೋದೊಂದೇ ಬಾಕಿ," ಎಂದು ಸಾವಂತ್ರಮ್ಮ ಆಡು ಕಾಯುವ ಕೋಲನ್ನು ಮೇಲೆತ್ತಿ ಅವನಿಗಿಂತ ಜೋರಾಗಿ ಕೂಗಿದಳು. "ಕತ್ತಲಾದ್ರೆ ಹಿತ್ತಲಿಗೆ ಹೋಗಾಕೂ ಅವಳೇ ಮುಂದೆ ಹೋಗಬೇಕಂತೆ. ನನಗೆ ಗೊತ್ತಿಲ್ಲ ಅಂದ್ಕಂಡ್ರಾ?"

"ಅದನ್ನೂ ಹೇಳ್ಯಾಳಾ ಅವಳು?"

ಹೀಗೆ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತು, ಟಾರ್ಚನ್ನೂ ಕೋಲನ್ನೂ ಆಕಾಶಕ್ಕೆ ಬೀಸುತ್ತ, ಗುಡ್ಡವೆಲ್ಲ ಮೊಳಗುವಂತೆ ತಮ್ಮ ಸಂಬಂಧದ ಪೂರ್ವಾಪರವನ್ನು ಚರ್ಚಿಸಿದರು. ಓಡಲು ಬಿಡದಂತೆ ಅವನು ಅವಳನ್ನು ಎಳೆದಂತೆಲ್ಲ ಇಬ್ಬರೂ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದರು. ಚಿರತೆ ಮೊದಲು ಕಿವಿ ನಿಮಿರಿಸಿತು. ಆಮೇಲೆ ಕಿವಿಗಳನ್ನು ಹಿಂದಕ್ಕೆ ಮಡಿಸಿತು. ಮದುವೆಯಲ್ಲಿ ಬೀಗರಿಗೆ ಪಂಚೆ ಕಡಿಮೆ ಬಿದ್ದ ವಿಷಯಕ್ಕೆ ಬರುವ ಹೊತ್ತಿಗೆ ಅದು ಬಂಡೆ ಇಳಿದು, ಒಂದು ಸಲ ತಿರುಗಿ ನೋಡಿ, ಜಾಲಿಯ ಮರೆಯಲ್ಲಿ ಮಾಯವಾಯಿತು.

ಮೊದಲು ಗಮನಿಸಿದವಳು ಸಾವಂತ್ರಮ್ಮ.

"ಹೋತು ಕಣ್ರಿ ಅದು," ಎಂದಳು.

ಓಂಕಾರ ಬಂಡೆ ಕಡೆ ನೋಡಿದ. ಬಂಡೆ ಮಾತ್ರ ಇತ್ತು. ಆಗ ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ.

"ಈಗ ಕೂತ್ರೆ ಏನು ಬಂತು," ಎಂದು ಸಾವಂತ್ರಮ್ಮ ಅವನ ಪಕ್ಕದಲ್ಲಿ ಕೂತು, ಬಾಟಲಿಯ ನೀರು ಕುಡಿಸಿದಳು. ಆಡುಗಳು ಮತ್ತೆ ಮೇಯತೊಡಗಿದವು.

"ಇಷ್ಟು ಹೆದ್ರುವೋರು," ಎಂದಳು ಕೊನೆಗೆ, ಸೆರಗಿನಿಂದ ಅವನ ಹಣೆ ಒರೆಸುತ್ತ, "ಚನ್ನಗಿರಿಯಿಂದ ಒಬ್ರೇ ಬಂದ್ರಾ? ನನ್ನ ಸಲುವಾಗಿ?"

ಓಂಕಾರ ಹೌದೆಂದು ತಲೆಯಾಡಿಸಿದ.

"ಬಾಡಿಗೆ ಅಂಗಡಿ ಆದ್ರೇನು ಬಿಡ್ರಿ," ಎಂದಳು ಸಾವಂತ್ರಮ್ಮ.

ಊರಿಗೆ ಬಂದ ಮೇಲೆ ಅವಳು ಕಟ್ಟೆಯವರಿಗೆ ನಡೆದದ್ದನ್ನು ನಡೆದಂತೆಯೇ ಹೇಳಿದಳು. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಅಳಿಯಂದ್ರು ನನ್ನ ಕೈ ಹಿಡ್ಕಂಡು ಜಗಳ ಆಡಿದ್ರು, ಚಿರತೆ ಓಡಿಹೋತು, ಎಂದಳು. ಓಂಕಾರ, ನಿಂತು ಗದ್ದಲ ಮಾಡಿದ್ದರಿಂದ ಅದು ಹೋಯಿತು, ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಜಗಳೂರಿನಿಂದ ಒಬ್ಬ ವರದಿಗಾರ ಬೈಕಿನಲ್ಲಿ ಬಂದು, ಅತ್ತೆ ಅಳಿಯ ಇಬ್ಬರನ್ನೂ ಹೊಂಗೆಮರದ ಕೆಳಗೆ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದ.

ಓಂಕಾರ ಚನ್ನಗಿರಿಗೆ ಬಂದ ನಾಲ್ಕನೆಯ ದಿನ ಬಾಕ್ಸಿನಿಂದ ಅವನ ಅಂಗಡಿಯ ಹೆಸರು ಹೋಯಿತು. ಪುಟ ಅಳಿಸಿದ್ದಕ್ಕೋ, ಬೀದಿಯವರೆಲ್ಲ ದೂರು ಒತ್ತಿದ್ದಕ್ಕೋ, ಹರಕೆಗೋ, ಮಿಷನ್ನಿನ ಮರ್ಜಿಗೋ ಯಾರಿಗೂ ತಿಳಿಯಲಿಲ್ಲ. ತಾನೇ ತೆಗೆಸಿದ್ದೆಂದು ನಿಂಗರಾಜ್ ಫೋನ್ ಮಾಡಿ ಹೇಳಿದ. ಎಲ್ಲೂ ಯಾರಿಗೂ ಏನೂ ಆಗಿರಲಿಲ್ಲ. ನ್ಯಾಮತಿಯ ಹುಡುಗನೊಬ್ಬ ಓಟದ ಪ್ರಾಕ್ಟೀಸಿನಲ್ಲಿ ಬದುವಿಗೆ ಎಡವಿ ಕಾಲು ಉಳುಕಿಸಿಕೊಂಡಿದ್ದ, ಅಷ್ಟೇ. ಓಂಕಾರ ಅವನಿಗೆ ಹಣ್ಣು ಕಳಿಸಿದ. ಅಂದು ರಾತ್ರಿ ಎರಡು ಮುದ್ದೆ ಉಂಡು, ಬಹಳ ದಿನಗಳ ಮೇಲೆ ನಿದ್ದೆ ಮಾಡಿದ.

ಮುಂದಿನ ತಿಂಗಳು ಒಂದು ಬೆಳಗ್ಗೆ ಸುಚಿತ್ರಾ ಫೋನ್ ಹಿಡಿದುಕೊಂಡು ಅಡಿಗೆಮನೆಯಿಂದ ಬಂದಳು. ಮುಖದಲ್ಲಿ ಗಾಬರಿಯಿತ್ತು.

"ರೀ, ಮತ್ತೆ ಬಂದೈತೆ ನೋಡ್ರಿ. ಈ ಸಲ ನಿಮ್ಮದಲ್ಲ, ಆ ಜಗಳೂರಿನ ಪೇಪರಿನೋರದು."

ಓಂಕಾರ ಫೋನ್ ಇಸಿದುಕೊಂಡು ಓದಿದ. ಬಾಕ್ಸಿನಲ್ಲಿ ಹೀಗಿತ್ತು: 'ಚಿರತೆ ಎದುರಾದರೆ ಓಡದೆ ನಿಂತಲ್ಲೇ ನಿಂತು, ಎರಡೂ ಕೈಗಳನ್ನು ಮೇಲೆತ್ತಿ ಬೀಸುತ್ತ, ಅತ್ತೆಯೊಂದಿಗೆ ಜೋರಾಗಿ ಜಗಳವಾಡುತ್ತ ನಿಧಾನವಾಗಿ ಹಿಂದಕ್ಕೆ ಸರಿಯಬೇಕು.'

"ಆಶಾಗೆ ಫೋನ್ ಮಾಡಿ ತೆಗ್ಸಾಕೆ ಹೇಳಾನೇನ್ರಿ?" ಎಂದಳು ಸುಚಿತ್ರಾ.

ಓಂಕಾರ ಇನ್ನೊಮ್ಮೆ ನಿಧಾನವಾಗಿ, ಒಂದೊಂದು ಪದದ ಮೇಲೂ ಬೆರಳಿಟ್ಟು ಓದಿದ. ಆಮೇಲೆ ಫೋನನ್ನು ಅವಳ ಕೈಗೆ ಕೊಟ್ಟ.

"ಇರಲಿ ಬಿಡು," ಎಂದ. "ಇದ್ರಾಗೆ ತಪ್ಪೇನೂ ಇಲ್ಲ."